ಕತ್ಲಿಯ ತುದಿಯ ಚುಕ್ಕಿ

ಹೆತ್ತ ತಾಯಿಗೆ ಸುಳ್ಳು ಹೇಳಬಾರದು ಎನ್ನುತ್ತಾರೆ. ಗಗನಾ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಸುಳ್ಳಾದರೆ ಒಂದಲ್ಲ ಒಂದು ದಿನ ಬಯಲಾಗಿ ಮುಗಿದುಹೋಗುತ್ತದೆ. ಅರ್ಧ ನಿಜ ಹಾಗಲ್ಲ, ಅದು ಮನೆಯಲ್ಲಿ ಚಾಪೆ ಹಾಸಿಕೊಂಡು ಕೂತುಬಿಡುತ್ತದೆ.

ಆಗ ಯಶವಂತ್ ಹೋಗಿ ತಿಂಗಳೂ ಆಗಿರಲಿಲ್ಲ. ಅವನು ಗಗನಾಳ ತಮ್ಮ. ದೆಹಲಿ ಹತ್ತಿರದ ಮಾನೇಸರ್‌ನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತು, ಕೈಗೆ ಸಂಬಳ ಬಂದ ಖುಷಿಗೆ ಗೆಳೆಯರ ಜೊತೆ ಉತ್ತರಾಖಂಡದ ಬೆಟ್ಟ ನೋಡಲು ಹೋದವನು. ಅಲ್ಲಿ ಮೇಘಸ್ಫೋಟವಾಯಿತು. ಹೊಳೆ ರಸ್ತೆಯನ್ನೇ ಹೊತ್ತುಕೊಂಡು ಹೋಯಿತು, ರಸ್ತೆಯ ಮೇಲಿದ್ದ ಜೀಪನ್ನೂ. ಜೀಪು ಸಿಕ್ಕಿತು. ಉಳಿದ ಹುಡುಗರ ಹೆಣ ಸಿಕ್ಕವು. ಯಶವಂತ್ ಸಿಗಲಿಲ್ಲ. ಹೊರಡುವ ದಿನ ಅವನು ಬಾಗಿಲಲ್ಲಿ ಶೂ ಏರಿಸುತ್ತಾ "ಚಲೋ ಅಮ್ಮ, ಬೈ" ಎಂದಿದ್ದ. "ಹೋಗಿ ಬರ್ತೀನಿ ಅನ್ನೋ" ಎಂದು ಗಿರಿಜಮ್ಮ ಅಡುಗೆಮನೆಯಿಂದ ಕೂಗುವಷ್ಟರಲ್ಲಿ ಲಿಫ್ಟ್ ಕೆಳಗಿಳಿದಿತ್ತು. ಅಂದಿನಿಂದ ಗಗನಾ ಕೊತ್ತಂಬರಿ ತರಲು ಕೆಳಗಿಳಿದರೂ ಸರಿ, ತಾಯಿಯೆದುರು ನಿಂತು "ಹೋಗಿ ಬರ್ತೀನಿ" ಎನ್ನಬೇಕು, ತಾಯಿ "ಹೋಗಿ ಬಾ" ಎನ್ನಬೇಕು. ಅದಿಲ್ಲದೆ ಹೊಸಿಲು ದಾಟುವಂತಿರಲಿಲ್ಲ.

ಗಿರಿಜಮ್ಮ ಊಟ ಬಿಟ್ಟರು. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಕನ್ನಡದವರೆಲ್ಲ ಬಂದು ತಮ್ಮ ತಮ್ಮ ಶಕ್ತ್ಯನುಸಾರ ಸಮಾಧಾನ ಹೇಳಿದರು. ಒಬ್ಬರು ಕರ್ಮ ಎಂದರು, ಒಬ್ಬರು ಋಣ ಎಂದರು. ಗಂಡ ಗೋಪಾಲ ಕೇಂದ್ರ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಎಂಥ ಗೋಜಲಿನ ಫೈಲನ್ನೂ ಮೇಲಕ್ಕೋ ಕೆಳಕ್ಕೋ ಸಾಗಹಾಕಬಲ್ಲ ಮನುಷ್ಯ ಹೆಂಡತಿಯ ತಟ್ಟೆಯ ಮುಂದೆ ಸೋತು ಕೂತಿದ್ದರು. ಗಗನಾಳ ಬಳಿ ಕರ್ಮವೂ ಇರಲಿಲ್ಲ, ಋಣವೂ ಇರಲಿಲ್ಲ. ಅವಳು ಸಂಸ್ಥೆಯೊಂದರಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಅನಂತಕ್ಕೆ ಆಕಾರವಿದೆಯೇ, ಇದ್ದರೆ ಹೇಗಿದ್ದೀತು ಎಂಬುದು ಅವಳ ವಿಷಯ. ಕೈಯಲ್ಲಿದ್ದದ್ದು ಅದೊಂದೇ. ಅದನ್ನೇ ಬಡಿಸಿದಳು.

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ತುದಿಯ ಮೇಲೆ ನಿಂತ ಚೌಕವೊಂದನ್ನು ಬರೆದಳು. "ಅಮ್ಮ, ಇದು ಇಡೀ ಜಗತ್ತು. ಇದುವರೆಗೆ ಆಗಿದ್ದು, ಮುಂದೆ ಆಗೋದು, ಎಲ್ಲಾ ಇದರೊಳಗಿದೆ. ಅನಂತ ಅಂತಾರಲ್ಲ, ಅದು ಈ ಅಂಚು."

"ಕಾಜೂ ಕತ್ಲಿ ಥರ ಇದೆ" ಎಂದರು ಗಿರಿಜಮ್ಮ. "ಹೋಗಿ ಬಾ" ಒಂದನ್ನು ಬಿಟ್ಟರೆ, ಎಷ್ಟೋ ದಿನಗಳ ಮೇಲೆ ಬಾಯಿಂದ ಬಂದ ಮೊದಲ ಮಾತು.

"ಹೂಂ, ಕತ್ಲೀನೇ ಅಂದ್ಕೋ. ಕಾಲ ಕೆಳಗಿಂದ ಮೇಲಕ್ಕೆ ಹೋಗುತ್ತೆ. ಬೆಳಕು ಓರೆಯಾಗಿ ಹೋಗಿ ಈ ಅಂಚಿಗೆ ಬಡಿಯುತ್ತೆ. ತೂಕ ಇರೋದು ಮಾತ್ರ ಅಲ್ಲಿಗೆ ಹೋಗಲ್ಲ. ಕಲ್ಲಾಗಲಿ, ನೀರಾಗಲಿ, ಮನುಷ್ಯ ಆಗಲಿ, ಯಾವ ದಿಕ್ಕಿಗೆ ಹೋದ್ರೂ, ಎಷ್ಟು ಜೋರಾಗಿ ಹೋದ್ರೂ, ಕೊನೇಗೆ ಎಲ್ಲಾ ಈ ಮೇಲಿನ ತುದೀಲಿರೋ ಚುಕ್ಕಿಗೇ ಬರಬೇಕು."

"ಎಲ್ಲಾರೂ?"

"ಎಲ್ಲಾರೂ."

"ಹೊಳೇಲಿ ಹೋದೋರೂ?"

ಪೆನ್ಸಿಲ್ ಹಿಡಿದ ಕೈ ಅಲ್ಲೇ ನಿಂತಿತು. "ಹೋದೋರೂ" ಎಂದಳು ಗಗನಾ. ಇನ್ನರ್ಧ ನಿಜವನ್ನು ನುಂಗಿಕೊಂಡಳು. ಗಿರಿಜಮ್ಮ ಎದ್ದುಹೋಗಿ, ತಣ್ಣಗಾಗಿದ್ದ ಅನ್ನಕ್ಕೆ ಮೊಸರು ಕಲಸಿಕೊಂಡು ಉಂಡರು. ಗೋಪಾಲ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು.

ಮಾರನೆಯ ಬೆಳಿಗ್ಗೆ ಬಾಗಿಲ ಮುಂದಿನ ರಂಗೋಲಿ ಬದಲಾಯಿತು. ಲಿಫ್ಟಿನ ಎದುರಿನ ಆ ಮೊಳದಷ್ಟು ಜಾಗದಲ್ಲಿ ಕತ್ಲಿ, ಕತ್ಲಿಯ ತುದಿಯಲ್ಲಿ ಅರಿಶಿನದ ಚುಕ್ಕಿ. ಪಕ್ಕದ ಮನೆಯ ಶರ್ಮಾ ಆಂಟಿ "ಯೇ ಕೌನ್‌ಸಾ ಯಂತ್ರ್ ಹೈ?" ಎಂದು ಕೇಳಿದರೆ, ಗಿರಿಜಮ್ಮ ತಮ್ಮ ಮದ್ದೂರು ಹಿಂದಿಯಲ್ಲಿ, "ಮೇರಿ ಬೇಟಿ ಕಾ ಸೈನ್ಸ್ ಹೈ. ಸಬ್ ಲೋಗ್ ಉಧರ್ ಮಿಲೇಗಾ", ಎಲ್ಲರೂ ಅಲ್ಲೇ ಸಿಗುತ್ತಾರೆ, ಎನ್ನುತ್ತಿದ್ದರು. ಶರ್ಮಾ ಆಂಟಿ ಕೈಮುಗಿದು ಮುಂದೆ ಹೋಗುತ್ತಿದ್ದರು. ದೆಹಲಿಯಲ್ಲಿ ಕೈಮುಗಿಯಲು ಕಾರಣ ಕೇಳುವವರು ಕಡಿಮೆ. ವರ್ಷಗಳು ಹೋದವು. ಗಿರಿಜಮ್ಮ ಉಂಡರು, ನಕ್ಕರು, ಐಎನ್‌ಎ ಮಾರ್ಕೆಟ್ಟಿನಲ್ಲಿ ತೊಂಡೆಕಾಯಿಗೆ ಚೌಕಾಸಿ ಮಾಡಿದರು. ಯಶೂ ಸತ್ತಿಲ್ಲ, ದಾರಿಯಲ್ಲಿದ್ದಾನೆ, ತಾನೂ ದಾರಿಯಲ್ಲಿದ್ದೇನೆ, ದಾರಿ ಎರಡಾದರೂ ಊರು ಒಂದೇ. ಇಷ್ಟು ನಂಬಿಕೆಯ ಮೇಲೆ ಒಂದು ಮನೆ ನಿಂತಿತ್ತು ಎಂದರೆ ನಗುವವರು ನಗಲಿ. ಕೆಲವು ಮನೆಗಳು ಇದಕ್ಕಿಂತ ಕಡಿಮೆಯ ಮೇಲೆ ನಿಂತಿರುತ್ತವೆ.

ಮಹಾಲಯ ಅಮಾವಾಸ್ಯೆ ಬಂದಾಗ ಮಾತ್ರ ಈ ಮನೆಯಲ್ಲಿ ಜಗಳ. ಗೋಪಾಲರ ಕಡೆಯವರಿಗೆ ಅದು ಹಿರಿಯರ ಹಬ್ಬ. ಸತ್ತವರಿಗೆ ಬಾಳೆಲೆಯಲ್ಲಿ ಎಡೆ ಇಟ್ಟು, ಅವರವರು ಇಷ್ಟಪಟ್ಟದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಆ ಹೊತ್ತು ಯಾರೂ ಇಣುಕಬಾರದು. ಆಮೇಲೆ ಬಾಗಿಲು ತಟ್ಟಿ, ಕೆಮ್ಮಿ, ಅವರಿಗೆ ಎದ್ದುಹೋಗಲು ಸಮಯ ಕೊಟ್ಟು ಒಳಗೆ ಹೋಗಬೇಕು. ಸುತ್ತಲ ಉತ್ತರದವರು ಶ್ರಾದ್ಧದ ಪಕ್ಷವೆಂದು ಈರುಳ್ಳಿಯನ್ನೂ ಮುಟ್ಟದೆ ಕೂತಿರುವಾಗ, ಈ ಒಂದು ಫ್ಲ್ಯಾಟಿನಿಂದ ಮಟನ್ ಸಾರಿನ ಘಮ ಹೊರಟು ಲಿಫ್ಟಿನಲ್ಲಿ ಎಲ್ಲ ಮಹಡಿಗೂ ಓಡಾಡುತ್ತಿತ್ತು.

ದೆಹಲಿಯ ಪೀತಮ್‌ಪುರಾದಿಂದ ರತ್ನಮ್ಮ ಪ್ರತಿವರ್ಷ ಬರುತ್ತಿದ್ದರು. ಗೋಪಾಲರ ಅಕ್ಕ, ವಿಧವೆ, ಮಾತು ಮೆಣಸಿನಕಾಯಿ. ಅಪ್ಪನಿಗೊಂದು, ಅಮ್ಮನಿಗೊಂದು ಎಲೆ ಹಾಕಿ, "ಮಗೂಗೆ?" ಎಂದು ಮೂರನೆಯ ಎಲೆ ಎತ್ತಿಕೊಳ್ಳುತ್ತಿದ್ದರು. "ಎಡೆ ಸತ್ತೋರಿಗೆ ಅತ್ತಿಗೆ" ಎಂದು ಗಿರಿಜಮ್ಮ ಆ ಎಲೆಯನ್ನು ಕಿತ್ತುಕೊಂಡು ಒಳಗಿಡುತ್ತಿದ್ದರು. ಮೂರನೆಯ ಎಲೆಯನ್ನು ಹಾಕಬೇಕೇ ಬೇಡವೇ ಎಂಬುದು ಆ ಇಬ್ಬರು ಹೆಂಗಸರ ನಡುವಿನ ಯುದ್ಧ, ಗೋಪಾಲ ಎರಡೂ ಕಡೆಯ ಗಾಯಾಳು.

ಈ ವರ್ಷ ಅಮಾವಾಸ್ಯೆ ಭಾನುವಾರ ಬಂತು. ಗಗನಾ ಮನೋಜನನ್ನು ಊಟಕ್ಕೆ ಕರೆದಳು. ಮನೋಜ್ ಅವಳದೇ ಸಂಸ್ಥೆಯವನು, ಅಪ್ಪ ಅಮ್ಮ ಕನ್ನಡದವರು, ಹುಟ್ಟಿ ಬೆಳೆದದ್ದು ದೆಹಲಿ, ಈಗಿರುವುದು ಸಂಸ್ಥೆಯ ಹಾಸ್ಟೆಲಿನಲ್ಲಿ. ಬುದ್ಧಿವಂತ, ಚೆಂದ, ಅದೆರಡೂ ತನಗೆ ಗೊತ್ತಿರುವವನು. ಗಗನಾಗೆ ಅವನ ಮೇಲೆ ಮನಸ್ಸು. ಅವನಿಗೂ ಇರಬಹುದೆಂದು ಅವಳ ಲೆಕ್ಕ. ಒಮ್ಮೆ ಅವಳು, ಅನಂತದ ಬಗ್ಗೆ ತನಗೆ ಬಹಳ ಇಷ್ಟವಾದ ಊಹೆಯೊಂದನ್ನು ಅವನೆದುರು ಬಿಚ್ಚಿದ್ದಳು. ಅದರ ಮೇಲೆ ಕೆಲಸ ಮಾಡಬೇಕೆಂಬ ಆಸೆ ಅವಳದು. "ಯಾರ್, ಅದು ಫಿಸಿಕ್ಸ್ ಅಲ್ಲ, ಕವಿತೆ" ಎಂದು ಅವನು ನಕ್ಕಿದ್ದ. ಅಲ್ಲಿಂದೀಚೆಗೆ ಅವಳು ಆ ಊಹೆಯನ್ನು ಒಳಗಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದಳು.

"ಅಮಾವಾಸ್ಯೆ ದಿನ ನೋಡ್ಕೊಂಡು ಹುಡುಗನ್ನ ಕರೆಸಿದಾಳೆ. ಓದಿದ ಹೆಣ್ಣು" ಎಂದು ರತ್ನಮ್ಮ ವಡೆ ತಟ್ಟುತ್ತಾ ಗೊಣಗಿದರು.

"ಹಾಸ್ಟೆಲಲ್ಲಿ ಶ್ರಾದ್ಧ ಅಂತ ಬರೀ ಸೋರೆಕಾಯಿ ಅತ್ತೆ. ಮಟನ್ ಅಂದ್ರೆ ಯಾರಾದ್ರೂ ಬರ್ತಾರೆ" ಎಂದಳು ಗಗನಾ. ಹೊಸ ಕುರ್ತಾ ಹಾಕಿಕೊಂಡು, ಕಿವಿಗೆ ಜುಮ್ಕಿ ಇಟ್ಟುಕೊಂಡು, ಸೋರೆಕಾಯಿಯ ಕಥೆ ಹೇಳಿದರೆ ನಂಬಲು ರತ್ನಮ್ಮ ಏನು ನಿನ್ನೆ ಹುಟ್ಟಿದವರೇ?

ಮನೋಜ್ ಬಂದ. ಬಾಗಿಲಲ್ಲೇ ನಿಂತು ನೆಲ ನೋಡಿ, "ಅರೆ, ಇದು ನಮ್ಮ ಡಯಾಗ್ರಾಮ್ ಅಲ್ವಾ?" ಎಂದ. ಗಿರಿಜಮ್ಮನ ಮುಖ ಅರಳಿತು. ಇಷ್ಟು ವರ್ಷಕ್ಕೆ ಅದನ್ನು ಗುರುತು ಹಿಡಿದವನು ಇವನೊಬ್ಬನೇ. ಸೋಫಾದಲ್ಲಿ ಕೂರಿಸಿ, ಕೈಗೆ ವಡೆ ಕೊಟ್ಟು, ಎದುರಿಗೆ ಕೂತು, ಕತ್ಲಿಯ ವಿಚಾರವನ್ನೆಲ್ಲ ಹೇಳಿದರು. ಬೆಳಕು ಅಂಚಿಗೆ ಹೋಗುವುದು, ತೂಕವಿದ್ದವರು ಚುಕ್ಕಿಗೆ ಬರುವುದು, ಯಶೂ ಬೆಟ್ಟದ ಕಡೆಯಿಂದ ಹೊರಟಿರುವುದು, ತಾವು ಕಿದ್ವಾಯಿ ನಗರದಿಂದ ಹೊರಟಿರುವುದು. "ಅಲ್ಲಿ ಸಿಕ್ತಾನೆ. ಗಗನಾನೇ ಹೇಳಿದ್ದು. ಅಲ್ವೇನಪ್ಪ, ನೀನೂ ಅದನ್ನೇ ಓದ್ತಿದೀಯಲ್ಲ?"

ಮನೋಜ್ ಗಗನಾಳ ಕಡೆ ತಿರುಗಿದ. ಹುಬ್ಬು ಮೇಲೆ, ತುಟಿಯ ಕೊನೆಯಲ್ಲಿ ಸಣ್ಣ ನಗು. "ಗಗನಾ, ಸೀರಿಯಸ್ಲಿ? ನೀನು ಆಂಟಿಗೆ ಹೀಗೆ ಹೇಳಿದೀಯಾ?"

ಬರೀ ಅಷ್ಟೇ. ಬೈದಿರಲಿಲ್ಲ, ಹೊಡೆದಿರಲಿಲ್ಲ. ಆ ನಗುವಿಗೆ ಗಗನಾಳ ಕಿವಿ ಕಾದವು. ಮನುಷ್ಯರು ಹಸಿವಿಗೆ, ಸಿಟ್ಟಿಗೆ ಮಾಡುವ ಕ್ರೌರ್ಯಕ್ಕಾದರೂ ಕ್ಷಮೆಯುಂಟು. ನಾಚಿಕೆಗೆ ಮಾಡುವ ಕ್ರೌರ್ಯಕ್ಕೆ ಯಾವ ದೇವರ ಬಳಿಯೂ ಪ್ರಾಯಶ್ಚಿತ್ತವಿಲ್ಲ.

"ಅಮ್ಮ, ಅದು ಹಾಗಲ್ಲ" ಎಂದಳು. ದನಿ ಮಗಳದ್ದಾಗಿರಲಿಲ್ಲ, ಸೆಮಿನಾರಿನದಾಗಿತ್ತು. "ಅನಂತ ಕಾಗದದ ಮೇಲೆ ಹಿಡಿಸಲ್ಲ. ಹಿಡಿಸಬೇಕು ಅಂತ ನಾವು ದೂರಾನ ಕುಗ್ಗಿಸಿ ಬರೀತೀವಿ. ಅಂಚಿನ ಕಡೆ ಹೋದಷ್ಟೂ ಜಾಸ್ತಿ ಕುಗ್ಗಿಸ್ತೀವಿ. ಆ ತುದೀಲಿ ಎಷ್ಟು ಕುಗ್ಗಿಸಿರ್ತೀವಿ ಅಂದ್ರೆ, ಎಷ್ಟೇ ದೂರ ಇದ್ರೂ ಚುಕ್ಕಿ ಥರಾನೇ ಕಾಣುತ್ತೆ. ಅಲ್ಲಿ ನಿಜವಾಗಿ ಚುಕ್ಕಿ ಇಲ್ಲ."

"ಚುಕ್ಕಿ ಇಲ್ಲ" ಎಂದರು ಗಿರಿಜಮ್ಮ, ಪಾಠ ಒಪ್ಪಿಸುವವರ ಹಾಗೆ.

"ಒಂದು ಸಲ ಬೇರೆ ಬೇರೆ ದಿಕ್ಕಿಗೆ ಹೊರಟೋರು ಹೋಗ್ತಾನೇ ಇರ್ತಾರೆ. ಹೊತ್ತು ಹೋದಷ್ಟೂ ಮಧ್ಯದ ದೂರ ಬೆಳೀತಾನೇ ಇರುತ್ತೆ. ಚಿತ್ರದಲ್ಲಿ ಅವರು ಒಂದೇ ಕಡೆ ಸೇರಿದ ಹಾಗೆ ಕಾಣೋ ಹೊತ್ತಿಗೆ ಅವರ ನಡುವಿನ ದೂರಕ್ಕೆ ಕೊನೇನೇ ಇರಲ್ಲ."

"ಹಾಗಾದ್ರೆ ಅಲ್ಲಿ ಸೇರೋದು?"

"ಯಾರೂ ಸೇರಲ್ಲ ಅಮ್ಮ. ದೂರ ಕಾಣಿಸಲ್ಲ, ಅಷ್ಟೇ."

"ಎಕ್ಸಾಕ್ಟ್ಲಿ" ಎಂದ ಮನೋಜ್. ಹಾಗೆಂದು ವಡೆ ಮುರಿದ. ಅಯ್ಯೋ, ಹೇಳಲೂ ನಾಚಿಕೆಯಾಗುತ್ತದೆ: ಆ ಒಂದು ಮಾತಿಗೆ ಗಗನಾಳ ಎದೆ ಒಂದು ಕ್ಷಣ ಹಗುರವಾಯಿತು.

ಗಿರಿಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಆಮೇಲೆ ಮನೋಜನನ್ನು ಬಿಟ್ಟು ಮಗಳೊಬ್ಬಳನ್ನೇ ನೋಡುತ್ತಾ ಕೇಳಿದರು. "ಬೇರೆ ಏನಾದ್ರೂ ಇರಬೇಕಲ್ಲ ಗಗನಾ. ನಿಮ್ಮ ಸೈನ್ಸಲ್ಲಿ ಬೇರೆ ಯಾರಾದ್ರೂ ಬೇರೆ ಥರ ಹೇಳಿಲ್ವಾ? ಸೇರೋ ಹಾಗೆ?"

ಹೇಳಿದ್ದರು. ಗಗನಾಳ ಪೆಟ್ಟಿಗೆಯಲ್ಲಿದ್ದದ್ದು ಅದೇ ಊಹೆ. ಎಷ್ಟೋ ಕಾಲದ ಮೇಲೆ ತೂಕವಿರುವುದೆಲ್ಲ ಸವೆದುಹೋದರೆ, ದೂರ ಅಳೆಯಲು ಜಗತ್ತಿನಲ್ಲಿ ಏನೂ ಉಳಿಯುವುದಿಲ್ಲ. ಅಳೆಯುವುದೇ ಇಲ್ಲದ ಮೇಲೆ ದೊಡ್ಡದು, ಚಿಕ್ಕದು ಎಂಬ ಮಾತಿಗೆ ಅರ್ಥವಿಲ್ಲ. ಆಗ ಆ ಚುಕ್ಕಿ ನಿಜಕ್ಕೂ ಚುಕ್ಕಿಯೇ, ಅಲ್ಲಿಂದ ಇನ್ನೊಂದು ಜಗತ್ತು ಮೊಳೆತರೂ ಮೊಳೆಯಬಹುದು. ಸಾಬೀತಾಗಿರಲಿಲ್ಲ. ಸುಳ್ಳೆಂದೂ ಸಾಬೀತಾಗಿರಲಿಲ್ಲ. ಬಾಯಿ ತೆರೆದು ಅಷ್ಟು ಹೇಳಿದ್ದರೆ ಸಾಕಿತ್ತು. ಗಗನಾ ಮನೋಜನ ಮುಖ ನೋಡಿದಳು. ಆ ನಗು ಇನ್ನೂ ಅಲ್ಲೇ ಇತ್ತು.

"ಇಲ್ಲ ಅಮ್ಮ" ಎಂದಳು.

ರತ್ನಮ್ಮ ಕೈ ತೊಳೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಜಗತ್ತಿನ ಆಕಾರ ಬೇಕಿರಲಿಲ್ಲ. ಬೇಕಿದ್ದದ್ದು ಮೂರನೆಯ ಎಲೆ. "ಕೇಳಿದೆಯಾ ಗಿರಿಜಾ? ನಿನ್ನ ಮಗಳೇ ಹೇಳಿದ್ಲು. ಇನ್ನಾದ್ರೂ ಮಗೂಗೆ ಒಂದು ತುತ್ತು ಇಡೋಣ. ಪಾಪ, ಅವನು ಹಸ್ಕೊಂಡು ಯಾರ್ ಯಾರ ಮನೆ ಕಿಟಕೀಲಿ ನಿಲ್ತಾನೋ" ಎಂದರು. ಗೋಪಾಲ "ಅಕ್ಕ, ಇವತ್ತು ಬೇಡ" ಎನ್ನುವಷ್ಟರಲ್ಲಿ ಗಿರಿಜಮ್ಮನೇ ಎದ್ದುಹೋಗಿ ಎಲೆ ತಂದರು, ನೀರು ಚಿಮುಕಿಸಿ ಒರೆಸಿದರು, ಅತ್ತೆ ಮಾವನ ಎಲೆಗಳ ಪಕ್ಕದಲ್ಲಿ ಹಾಸಿದರು.

"ಅವನಿಗೇನು ಇಷ್ಟ?" ಎಂದರು ರತ್ನಮ್ಮ. ದನಿ ಈಗ ತಗ್ಗಿತ್ತು. ಗೆದ್ದ ಮೇಲೆ ತಗ್ಗುವುದು ಸುಲಭ.

"ಮೋಮೋ" ಎಂದರು ಗಿರಿಜಮ್ಮ.

ಗೋಪಾಲ ಕೆಳಗೆ ಹೋಗಿ ಗೇಟಿನ ಹತ್ತಿರದ ಗಾಡಿಯ ಭಯ್ಯಾನಿಂದ ಮೋಮೋ ಕಟ್ಟಿಸಿಕೊಂಡು ಬಂದರು. ಅಜ್ಜನ ಎಲೆಯಲ್ಲಿ ಮಟನ್ ಸಾರು, ಬೀಡಿ, ಗ್ಲಾಸಿನಲ್ಲಿ ರಮ್. ಅಜ್ಜಿಯ ಎಲೆಯಲ್ಲಿ ಕಜ್ಜಾಯ, ಎಲೆ ಅಡಿಕೆ, ಹೊಸ ಸೀರೆ. ಮೊಮ್ಮಗನ ಎಲೆಯಲ್ಲಿ ಬಿಳಿ ಮೋಮೋ, ಪಕ್ಕದಲ್ಲಿ ಕೆಂಪು ಚಟ್ನಿ. ಗಿರಿಜಮ್ಮ ಒಂದೊಂದನ್ನೂ ಚಿಕ್ಕದಾಗಿ ಮುರಿದು ಇಟ್ಟರು. ಸಣ್ಣವನಿದ್ದಾಗ ಬಿಸಿ ಬಿಸಿಯದನ್ನು ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಳ್ಳುತ್ತಿದ್ದ ಹುಡುಗ.

ಧೂಪ ಹಾಕಿದರು. ಎಲ್ಲರೂ ಅಡ್ಡಬಿದ್ದರು, ಮನೋಜ್ ಕೂಡ, ಮೊಬೈಲನ್ನು ಜೇಬಿಗೆ ಹಾಕಿಕೊಂಡು. "ನೀವು ನಡೀರಿ, ದೀಪಕ್ಕೆ ಎಣ್ಣೆ ಹಾಕಿ ಬರ್ತೀನಿ" ಎಂದರು ಗಿರಿಜಮ್ಮ. ಉಳಿದವರು ಹೊರಗೆ ಲಿಫ್ಟಿನ ಬಳಿ ಬಂದು ನಿಂತರು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

"ಗಿರಿಜಾ!" ಎಂದರು ರತ್ನಮ್ಮ. ಆ ಹೊತ್ತು ಒಳಗೆ ಜೀವವಿರುವವರು ಇರಬಾರದು. ಅವರ ಅಪ್ಪ ಅಮ್ಮನ ಕಾಲದಲ್ಲಿ ಇರಲಿಲ್ಲ, ಅವರ ಅಜ್ಜ ಅಜ್ಜಿಯ ಕಾಲದಲ್ಲೂ ಇರಲಿಲ್ಲ. ಬಾಗಿಲು ಬಡಿಯೋಣವೆಂದರೆ, ಹಿರಿಯರು ಅರ್ಧ ಊಟದಲ್ಲಿ ಎದ್ದುಹೋದಾರು. ರತ್ನಮ್ಮ ಎತ್ತಿದ ಕೈಯನ್ನು ಇಳಿಸಿದರು. ಗೋಪಾಲ ಗೋಡೆಗೆ ಒರಗಿ ನಿಂತರು. ಒಳಗೆ ಸದ್ದಿಲ್ಲ. ಗಗನಾ ಕತ್ಲಿಯನ್ನು ತುಳಿಯದ ಹಾಗೆ ಕಾಲು ಬದಿಗಿಟ್ಟು, ಬಾಗಿಲಿಗೆ ಕಿವಿ ಕೊಟ್ಟಳು.

ಮನೋಜ್ ಒಂದೆರಡು ಸಲ ಗಡಿಯಾರ ನೋಡಿದ. "ಗಗನಾ, ಐ ಥಿಂಕ್ ಇದು ಫ್ಯಾಮಿಲಿ ಮ್ಯಾಟರ್. ನಾನು ಹೊರಡ್ತೀನಿ. ನಾಳೆ ಟಾಕ್ ಇದೆ, ಸ್ಲೈಡ್ಸ್ ಬಾಕಿ ಇದೆ" ಎಂದ. ಲಿಫ್ಟ್ ಬಂತು, ಅವನು ಹೋದ. ಯಾರಿಗಾಗಿ ತಾಯಿಯ ಕತ್ತು ಕೊಯ್ದಳೋ ಅವನು ಊಟಕ್ಕೂ ನಿಲ್ಲಲಿಲ್ಲ.

ಸಾಕಷ್ಟು ಹೊತ್ತಾದ ಮೇಲೆ ರತ್ನಮ್ಮ ಕೆಮ್ಮಿದರು, ಬಾಗಿಲು ತಟ್ಟಿದರು. ಚಿಲಕ ತೆಗೆದ ಸದ್ದು. ಹಿರಿಯರ ಹಬ್ಬದ ಬಾಗಿಲು ಒಳಗಿನಿಂದ ತೆರೆದುಕೊಂಡದ್ದನ್ನು ಕಂಡು ರತ್ನಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಹೊಗೆಯ ನಡುವೆ ಗಿರಿಜಮ್ಮ ನಿಂತಿದ್ದರು. ಕಣ್ಣಲ್ಲಿ ನೀರಿರಲಿಲ್ಲ.

"ಎದುರಿಗೇ ಕೂತು ನೋಡ್ದೆ ಅತ್ತಿಗೆ" ಎಂದರು, ಮಾರ್ಕೆಟ್ಟಿನ ಸುದ್ದಿ ಹೇಳುವಷ್ಟು ತಣ್ಣಗೆ. "ಯಾರೂ ಬರ್ಲಿಲ್ಲ. ಯಶೂ ಬರ್ಲಿಲ್ಲ. ನಿಮ್ಮಪ್ಪನೂ ಬರ್ಲಿಲ್ಲ, ನಿಮ್ಮಮ್ಮನೂ ಬರ್ಲಿಲ್ಲ. ಎಲೆ ಮೇಲೆ ಒಂದು ಅಗುಳೂ ಅಲುಗಲಿಲ್ಲ. ಮೋಮೋ ಆರಿಹೋಯ್ತು. ಇಷ್ಟು ವರ್ಷ ನೀವು ಬರೀ ಗೋಡೆಗೆ ಬಡಿಸಿದೀರ."

ಮೆಣಸಿನಕಾಯಿಯಂಥ ರತ್ನಮ್ಮ ಲಿಫ್ಟಿನ ಎದುರು ನೆಲದ ಮೇಲೆ ಕುಸಿದು ಕೂತು, ಎಪ್ಪತ್ತರ ವಯಸ್ಸಿನಲ್ಲಿ, "ಅವ್ವಾ" ಎಂದು ಅತ್ತರು. ಗಗನಾ ಬೆಳಿಗ್ಗೆಯಿಂದ ನೋಡಿದ್ದರಲ್ಲಿ ಅತಿ ಭಯಂಕರವಾದದ್ದು ಇದು: ಅವಳು ಅಮ್ಮನಿಗೆ ಕೊಟ್ಟದ್ದನ್ನು ಅಮ್ಮ ಅತ್ತೆಗೆ ಕೊಟ್ಟಿದ್ದರು, ಅದೇ ಅಳತೆಯಲ್ಲಿ, ಅದೇ ದನಿಯಲ್ಲಿ.

ಮಾರನೆಯ ಬೆಳಿಗ್ಗೆ ಬಾಗಿಲ ಮುಂದೆ ಕತ್ಲಿ ಇರಲಿಲ್ಲ. ರಂಗೋಲಿಯೇ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಗುರುತು ಮಾತ್ರ. ಗಿರಿಜಮ್ಮ ಒಲೆಯ ಮುಂದೆ ಉಪ್ಪಿಟ್ಟು ತಿರುವುತ್ತಿದ್ದರು. ಗಗನಾ ಅಡುಗೆಮನೆಗೆ ಓಡಿ ಬಂದು, ಪೆಟ್ಟಿಗೆಯ ಬೀಗ ಒಡೆದು, ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದಳು. "ಅಮ್ಮ, ನಿನ್ನೆ ನಾನು ಇಲ್ಲ ಅಂದಿದ್ದು ತಪ್ಪು. ಇದೆ, ಇನ್ನೊಂದು ಥರ ಇದೆ. ಕೊನೇಲಿ ತೂಕ ಇರೋದು ಯಾವುದೂ ಉಳಿಯಲ್ಲ. ಆಗ ದೂರ ಅನ್ನೋದೇ ಇರಲ್ಲ ಅಮ್ಮ. ಆಗ ಆ ಚುಕ್ಕಿ ನಿಜವಾಗ್ಲೂ ಒಂದೇ ಚುಕ್ಕಿ. ಎಲ್ಲಾ ಅಲ್ಲೇ ಇರುತ್ತೆ."

ಗಿರಿಜಮ್ಮ ಕೇಳಿಸಿಕೊಂಡರು. ಸೌಟನ್ನು ಬಾಣಲೆಯ ಅಂಚಿಗೆ ತಟ್ಟಿ ಕೆಳಗಿಟ್ಟರು.

"ತೂಕ ಇರೋದು ಯಾವುದೂ ಉಳಿಯಲ್ಲ ಅಂದ್ರೆ, ನಾನೂ ಇರಲ್ಲ, ಅವನೂ ಇರಲ್ಲ" ಎಂದರು. "ಇಬ್ರೂ ಇಲ್ಲದ ಮೇಲೆ ಯಾರು ಯಾರನ್ನ ಸೇರೋದು?"

ಗಗನಾ ಒಲೆಯ ಉರಿ ತಗ್ಗಿಸಿದಳು.

"ಇದನ್ನೇ ನಿನ್ನೆ ಹೇಳಿದ್ದಿದ್ರೆ ನಂಬಿರ್ತಿದ್ದೆ" ಎಂದರು ಗಿರಿಜಮ್ಮ. "ಯಾರು ಯಾರನ್ನ ಅಂತ ಕೇಳ್ತಾನೂ ಇರ್ಲಿಲ್ಲ. ತಿಂಡಿ ತಿನ್ನು."

ತಟ್ಟೆ ಹಾಕಿದರು, ಬಡಿಸಿದರು, ಉಪ್ಪಿನಕಾಯಿ ಇಟ್ಟರು. ತಾಯಿ ದಿನವೂ ಮಾಡುವುದರಲ್ಲಿ ಒಂದೂ ಬಿಡಲಿಲ್ಲ. ಗಗನಾ ಅರ್ಧ ತಿಂದು, ಬ್ಯಾಗ್ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಹೊಸಿಲಲ್ಲಿ ನಿಂತಳು.

"ಹೋಗಿ ಬರ್ತೀನಿ ಅಮ್ಮ."

ಗಿರಿಜಮ್ಮ ಬಾಣಲೆಗೆ ನೀರು ಬಿಡುತ್ತಿದ್ದರು. ತಿರುಗಲಿಲ್ಲ.

"ಹೂಂ" ಎಂದರು. "ಹೋಗು."

ಗಗನಾ ಉಳಿದ ಒಂದು ಮಾತಿಗಾಗಿ ಕಾದಳು. ಲಿಫ್ಟ್ ಮೇಲೆ ಬಂದು, ಬಾಗಿಲು ತೆರೆದು, ಯಾರೂ ಹತ್ತದೆ ಮುಚ್ಚಿಕೊಂಡಿತು. ಅವಳು ಇನ್ನೂ ಕಾಯುತ್ತಿದ್ದಳು. ಒಳಗೆ ನಲ್ಲಿಯ ನೀರು ಬೀಳುತ್ತಲೇ ಇತ್ತು.